ಹನ್ನೊಂದು ನಿಯಮ, ಒಂದು ಗೇಟು

ಶಾಲೆಯಲ್ಲಿ ಕೆಲಸ ಮಾಡುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ದಿನಾ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು ಅವೇ ಗೇಟಿನೊಳಗೆ ಬರುತ್ತವೆ. ಬರುವಾಗ ಮಾತ್ರ ಅವು ನಗುವ ಪ್ರಸಂಗಗಳಂತೆ ಕಾಣುವುದಿಲ್ಲ. ಇವತ್ತಿಗೆ ನೌಕರಿ ಮುಗಿಯಿತು ಅನ್ನಿಸುತ್ತದೆ. ನಗು ಬರುವುದು ಮನೆಗೆ ಹೋಗಿ, ಕಾಲು ತೊಳೆದುಕೊಂಡು, ಒಂದು ಕಪ್ ಚಹಾ ಒಳಗೆ ಹೋದ ಮೇಲೆ.

ನಾನು ಮುಂಬಯಿಯ ಭಾಂಡುಪಿನ ಒಂದು ಶಾಲೆಯಲ್ಲಿ ಸೂಪರ್‌ವೈಸರ್. ಅಂದರೆ ಪಾಠವನ್ನೂ ಮಾಡಬೇಕು, ಇಡೀ ಶಾಲೆಯ ಶಿಸ್ತನ್ನೂ ನೋಡಿಕೊಳ್ಳಬೇಕು. ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ನಮ್ಮ ಶಾಲೆಯ ಮಕ್ಕಳಲ್ಲಿ ವಿಜಯಪುರ, ಬೆಳಗಾವಿ ಕಡೆಯವರು ಬಹಳ. ಹೀಗಾಗಿ ಪಾಲಕರ ಜೊತೆ ಜಗಳ ಬಂದರೆ ಕನ್ನಡದಲ್ಲಿ ಬಿಡಿಸುವ ಕೆಲಸವೂ ನನ್ನದೇ.

ಹೋದ ವರ್ಷ ಹೊಸ ಹೆಡ್‌ಮಿಸ್ಟ್ರೆಸ್ ಬಂದರು. ನಮ್ಮ ಕಡೆಯವರ ಬಾಯಲ್ಲಿ ಟೀಚರುಗಳೆಲ್ಲ ಬಾಯಾರು, ಹೆಡ್‌ಮಿಸ್ಟ್ರೆಸ್ ದೊಡ್ಡ ಬಾಯಾರು. ಬಂದ ಮೊದಲ ವಾರವೇ ಒಂದು ಹಾಳೆ ಅಚ್ಚು ಹಾಕಿಸಿದರು. ಮಕ್ಕಳು ಹೇಗೆ ನಡೆದುಕೊಳ್ಳಬೇಕು, ಪಾಲಕರ ಹೊಣೆ ಏನು, ಶಿಕ್ಷಕರ ಹೊಣೆ ಏನು, ಎಲ್ಲ ಸೇರಿ ಹನ್ನೊಂದು ನಿಯಮ. ಶಾಲೆ ಅಂದರೆ ಎಲ್ಲರದ್ದೂ, ನಿಯಮವೂ ಎಲ್ಲರಿಗೂ ಒಂದೇ ಅಂದರು. ಆಮೇಲೆ ನನ್ನ ಕಡೆ ತಿರುಗಿ, ಇದರ ಜವಾಬ್ದಾರಿ ನಿಮ್ಮದು ಅಂದರು. ಆ ಒಂದು ವರ್ಷದಲ್ಲಿ ನಡೆದ ನಾಲ್ಕು ಸಂಗತಿ ಹೇಳುತ್ತೇನೆ.

ಖರೇ ಸಹಿ

ಮೊದಲ ಕೆಲಸವೆಂದರೆ ಹಾಳೆಯ ಮೇಲೆ ಪಾಲಕರ ಸಹಿ ತರಿಸುವುದು. ಪಾಲಕರೇ ಸ್ವತಃ ಓದಿ, ಸ್ವತಃ ಸಹಿ ಮಾಡಬೇಕೆಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಬೇರೆಯವರು ಮಾಡಿದ್ದು ಸಿಕ್ಕಿಬಿದ್ದರೆ ಮಗುವನ್ನು ಮೂರು ದಿನ ಮನೆಗೆ ಕಳಿಸಬೇಕು. ಅದೂ ಹನ್ನೊಂದರಲ್ಲಿ ಒಂದು.

ಆರನೇ ತರಗತಿಯ ಒಬ್ಬ ಹುಡುಗಿ, ಓದಿನಲ್ಲಿ ಯಾವಾಗಲೂ ಮುಂದೆ ಇರುವವಳು, ತಂದ ಹಾಳೆಯನ್ನು ನಾನು ಪಕ್ಕಕ್ಕೆ ತೆಗೆದಿಟ್ಟೆ. ಸಹಿ ಸೊಟ್ಟಗಿತ್ತು. ಒಂದು ಅಕ್ಷರ ಗೆರೆಯ ಮೇಲೆ, ಇನ್ನೊಂದು ಗೆರೆಯ ಕೆಳಗೆ. ಡೈರಿ ತೆಗೆದು ನೋಡಿದೆ. ಅಲ್ಲಿ ಎರಡು ವರ್ಷದಿಂದ ತಂದೆಯ ಸಹಿ ಮುತ್ತಿನ ಹಾಗೆ ಇತ್ತು. ಇಷ್ಟು ಒಳ್ಳೆಯ ಹುಡುಗಿ ಹೀಗೆ ಮಾಡಿದಳಲ್ಲ ಅಂತ ಬಹಳ ಕೆಟ್ಟದೆನಿಸಿತು. ಕೇಳಿದರೆ ಅವಳು ತಲೆ ತಗ್ಗಿಸಿ ನಿಂತಳೇ ಹೊರತು ಮಾತಾಡಲಿಲ್ಲ. ತಂದೆಯನ್ನು ಕರೆಸಿದೆ.

ಅವರು ಪವಾಯಿಯ ಕಡೆ ಹೊಸ ಬಿಲ್ಡಿಂಗುಗಳಲ್ಲಿ ಟೈಲ್ಸ್ ಕೂಡಿಸುವ ಕೆಲಸದವರು. ಅರ್ಧ ದಿನ ಬಿಟ್ಟು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಉಗುರಿನ ಸಂದಿಯಲ್ಲಿ ಸಿಮೆಂಟು ಹಾಗೇ ಇತ್ತು. ಕುರ್ಚಿ ತೋರಿಸಿದರೂ ಕೂಡಲಿಲ್ಲ. ನಾನು ಹಾಳೆಯನ್ನೂ ಡೈರಿಯನ್ನೂ ಪಕ್ಕಪಕ್ಕ ಇಟ್ಟು, ಇದರಲ್ಲಿ ನಿಮ್ಮ ಸಹಿ ಯಾವುದು ಅಂತ ಕೇಳಿದೆ. ಅವರು ಬಹಳ ಹೊತ್ತು ನೋಡಿ ಸೊಟ್ಟ ಸಹಿಯ ಮೇಲೆ ಬೆರಳಿಟ್ಟರು.

"ಇದು ನಂದ್ರೀ ಬಾಯಾರ."

ಹಾಗಾದರೆ ಡೈರಿಯಲ್ಲಿರುವವು ಯಾರವು ಅಂದೆ.

"ಅವು ಆಕೀವ್ರೀ."

ನಿಧಾನಕ್ಕೆ ಎಲ್ಲ ಹೊರಗೆ ಬಂತು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಕಳಿಸಿದರೆ ಕ್ಲಾಸಿನಲ್ಲಿ ಮಕ್ಕಳು ನಗುತ್ತವೆಂದು ಮಗಳಿಗೆ ನೀನೇ ಸಹಿ ಮಾಡಿಕೋ ಅಂದಿದ್ದರು. ಎರಡು ವರ್ಷ ಆಕೆಯೇ ಮಾಡಿದ್ದಳು. ಹೊಸ ಹಾಳೆ ಬಂದಾಗ ಅದರಲ್ಲಿ ಬರೆದದ್ದನ್ನು ಅವಳೇ ಓದಿ ಹೇಳಿ, ಇದಕ್ಕೆ ಮಾತ್ರ ನೀನೇ ಮಾಡಬೇಕು ಅಂತ ಹಟ ಹಿಡಿದಿದ್ದಳು. ರವಿವಾರಗಳಲ್ಲಿ ಅಪ್ಪನನ್ನು ಕೂರಿಸಿ ಹೆಸರು ಬರೆಯುವುದನ್ನು ಕಲಿಸಿದ್ದಳು. ಅಂದರೆ, ಎರಡು ವರ್ಷ ಕಳ್ಳ ಸಹಿಗಳನ್ನು ಚೆನ್ನಾಗಿದೆ ಅಂತ ಒಪ್ಪಿಕೊಂಡು ಬಂದವಳು ನಾನು. ಮೊದಲ ಬಾರಿ ಖರೇ ಸಹಿ ಬಂದಾಗ ಹಿಡಿದು ನಿಲ್ಲಿಸಿದವಳೂ ನಾನೇ.

ನಾನು ಆ ಹಾಳೆಯನ್ನು ಫೈಲಿಗೆ ಸೇರಿಸಿ ತಂದೆಗೆ ಕೈ ಮುಗಿದೆ. ಅವರು ಇನ್ನೂ ಹೆದರಿಕೊಂಡೇ ಹೊರಗೆ ಹೋದರು. ಹುಡುಗಿ ಹಿಂದೆ ಉಳಿದು ಮೆಲ್ಲಗೆ ಹೇಳಿದಳು.

"ಟೀಚರ್, ಇನ್ನ ಒಂದ್ ತಿಂಗಳ ಡೈರಿಗೆ ನಾನ ಮಾಡ್ತೀನ್ರೀ. ಅಪ್ಪನ ಸಹಿ ಸಲಕ್ಕೊಂದು ಥರಾ ಬರ್ತೈತಿ, ನೀವು ಮತ್ತ ಕರಸ್ತೀರಿ."

ಲೇಟ್ ಪಟ್ಟಿ

ಬೆಳಿಗ್ಗೆ ಏಳೂ ಹತ್ತರ ನಂತರ ಬಂದವರ ಹೆಸರು ಬರೆದುಕೊಳ್ಳಲು ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು ಗೇಟಿಗೆ ನಿಲ್ಲಿಸಿದ್ದೆವು. ಗಟ್ಟಿ ಹುಡುಗಿ. ಲೋಕಲ್ ಟ್ರೇನು ಲೇಟಾಯಿತು ಅನ್ನುವ ಕಾರಣ ನಡೆಯುವುದಿಲ್ಲ, ಒಂದು ಲೋಕಲ್ ಮುಂಚೆ ಬರಬೇಕು ಅಂತ ಅಸೆಂಬ್ಲಿಯಲ್ಲಿ ಮೈಕು ಹಿಡಿದು ಸಾರಿದವಳು ನಾನು.

ಮರುದಿನ ಡೊಂಬಿವಲಿಯಿಂದ ನಾನು ಹತ್ತಿದ ಲೋಕಲ್ ಠಾಣೆ ಸ್ಟೇಷನ್ ದಾಟಿ ನಿಂತೇಬಿಟ್ಟಿತು. ಹದಿನಾಲ್ಕು ನಿಮಿಷ. ಭಾಂಡುಪಿನಲ್ಲಿ ಇಳಿದು ಸೇತುವೆ ಹತ್ತಿ ಇಳಿದು, ರಿಕ್ಷಾ ಸಿಗದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತ ಬಂದೆ. ಹೆಡ್‌ಮಿಸ್ಟ್ರೆಸ್ ದಿನಾ ಏಳೂವರೆಗೆ ಆ ಪಟ್ಟಿಯನ್ನು ತರಿಸಿಕೊಂಡು ಓದುತ್ತಾರೆಂದು ನನಗೆ ಗೊತ್ತು. ಗೇಟಿನ ಹುಡುಗಿ ನನ್ನನ್ನು ನೋಡಿ ನಮಸ್ಕಾರ ಮಾಡಿದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದಳು.

ನಿಯಮ ಎಲ್ಲರಿಗೂ ಒಂದೇ ಎಂದು ಅವಳಿಗೆ ಹೇಳಿದವಳೂ ನಾನೇ. ಅವಳು ನನ್ನ ಹೆಸರು ಬರೆದಳು. ಕಾರಣ ಕೇಳಿದಳು, ಲೋಕಲ್ ಅಂದೆ. ಅವಳು ಆ ಜಾಗದಲ್ಲಿ 'ಕಾರಣ ಇಲ್ಲ' ಅಂತ ಬರೆದಳು.

ಅದೇ ವಾರ ಶುಕ್ರವಾರ ಮತ್ತೆ ಹಾಗೇ ಆಯಿತು. ಈ ಸಲ ಅವಳು ಹಿಂದಿನ ಪುಟ ತಿರುವಿ ನೋಡಿ, ಬಹಳ ಮರ್ಯಾದೆಯಿಂದಲೇ, ಇದು ಎರಡನೇ ಸಲ ಟೀಚರ್, ಮೂರನೇ ಸಲ ಆದರೆ ಪೇರೆಂಟ್ಸ್ ಬರಬೇಕಾಗುತ್ತದೆ ಅಂದಳು. ನನಗೆ ಐವತ್ತೆರಡು ವರ್ಷ. ಅವತ್ತು ಇಡೀ ದಿನ ಹೆಡ್‌ಮಿಸ್ಟ್ರೆಸ್ ಯಾವಾಗ ಕರೆಯುತ್ತಾರೋ ಅಂತ ಕಾದು ಕಾದು ನನ್ನ ಡಬ್ಬಿಯ ಚಪಾತಿ ಡಬ್ಬಿಯಲ್ಲೇ ಉಳಿಯಿತು. ಅವರು ಕರೆಯಲಿಲ್ಲ. ಕರೆಯದೇ ಇದ್ದದ್ದು ಇನ್ನೂ ದೊಡ್ಡ ಹೆದರಿಕೆಯಾಯಿತು.

ಸಂಜೆ ಧಾರವಾಡಕ್ಕೆ ಫೋನ್ ಮಾಡಿ ಅಣ್ಣನ ಮನೆಯಲ್ಲಿದ್ದ ಅವ್ವನ ಮುಂದೆ ಎಲ್ಲ ಹೇಳಿಕೊಂಡೆ. ಸಮಾಧಾನ ಮಾಡಿಯಾಳು ಅಂದುಕೊಂಡಿದ್ದೆ. ಅವ್ವ ಪೂರ್ತಿ ಕೇಳಿಸಿಕೊಂಡು ಹೇಳಿದಳು.

"ಬರ್ತೀನಿ ತಗೋ. ನಿನ್ನ ಬಗ್ಗೆ ನನಗೂ ನಿಮ್ಮ ದೊಡ್ಡ ಬಾಯಾರ ಜೊತಿ ಸ್ವಲ್ಪ ಮಾತಾಡೋದದ."

ಸುಳ್ಳು ಬೆಂಕಿ

ಡಿಸೆಂಬರಿನಲ್ಲಿ ಫೈರ್ ಡ್ರಿಲ್ ಇಟ್ಟರು. ಬೆಂಕಿ ಬಿದ್ದಿದೆ ಅಂತ ತಿಳಿದು ನಾಲ್ಕು ಮಹಡಿಯ ಮಕ್ಕಳೆಲ್ಲ ಸಾಲಾಗಿ ಇಳಿದು ಮೈದಾನಕ್ಕೆ ಬರಬೇಕು, ಪ್ರತಿ ಟೀಚರ್ ತನ್ನ ಮಕ್ಕಳನ್ನು ಎಣಿಸಬೇಕು. ನೋಡಲು ಒಬ್ಬ ಅಧಿಕಾರಿ ಬಂದಿದ್ದರು, ಕೈಯಲ್ಲಿ ಗಡಿಯಾರ. ಕರೆಂಟಿನ ಮೇನ್ ತೆಗೆದು, ಕೈಗಂಟೆ ಬಾರಿಸಿದರು.

ಮಕ್ಕಳು ಚೆನ್ನಾಗಿಯೇ ಇಳಿದರು. ಐದು ನಿಮಿಷದೊಳಗೆ ಮೈದಾನ ತುಂಬಿತು. ಒಂದೊಂದೇ ಕ್ಲಾಸಿನಿಂದ ಲೆಕ್ಕ ಸರಿ, ಲೆಕ್ಕ ಸರಿ ಅಂತ ಬರುತ್ತಿತ್ತು. ಐದನೇ ಬಿ ಕ್ಲಾಸಿನ ಟೀಚರ್ ಮಾತ್ರ ಎರಡನೇ ಸಲ ಎಣಿಸುತ್ತಿದ್ದಳು. ಮೂರನೇ ಸಲ ಎಣಿಸಿ ನನ್ನ ಕಡೆ ನೋಡಿದಳು. ಒಬ್ಬ ಕಡಿಮೆ. ಕ್ಲಾಸಿನ ಮಾನಿಟರ್ ಹುಡುಗ.

ಹೆಡ್‌ಮಿಸ್ಟ್ರೆಸ್ ಬಿಲ್ಡಿಂಗಿನ ಕಡೆ ನೋಡಿದರು. ಅಧಿಕಾರಿ ಗಡಿಯಾರ ನೋಡಿದರು. ನಾನು ಓಡಿದೆ. ಖಾಲಿ ಶಾಲೆ ಎಷ್ಟು ಭಯ ಹುಟ್ಟಿಸುತ್ತದೆಂದು ಅವತ್ತೇ ನನಗೆ ತಿಳಿದದ್ದು. ನನ್ನ ಚಪ್ಪಲಿಯ ಸದ್ದೇ ನನ್ನ ಬೆನ್ನು ಹತ್ತಿದ ಹಾಗಿತ್ತು. ಮೆಟ್ಟಿಲ ಮೇಲೆ ಬಿದ್ದನೋ, ಟಾಯ್ಲೆಟ್ಟಿನಲ್ಲಿ ಸಿಕ್ಕಿಕೊಂಡನೋ, ಹೆದರಿ ಎಲ್ಲಾದರೂ ಅಡಗಿ ಕೂತನೋ. ಒಂದೊಂದು ಮಹಡಿಗೂ ಹೆಸರು ಹಿಡಿದು ಕೂಗುತ್ತ ಮೂರನೇ ಮಹಡಿಗೆ ಬಂದೆ.

ಹುಡುಗ ಕ್ಲಾಸಿನಲ್ಲೇ ಇದ್ದ. ಬೋರ್ಡಿನ ಪಕ್ಕ ಬೆಂಚು ಎಳೆದು ಅದರ ಮೇಲೆ ನಿಂತು ಫ್ಯಾನಿನ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡುತ್ತ, ಪ್ರತಿ ಸಲವೂ ತಲೆ ಎತ್ತಿ ಫ್ಯಾನು ನೋಡುತ್ತಿದ್ದ. ಎಲ್ಲರೂ ಹೋದ ಮೇಲೆ ಫ್ಯಾನು, ದೀಪ ಬಂದ್ ಮಾಡಿ ಮಾನಿಟರ್ ಕೊನೆಗೆ ಹೊರಗೆ ಬರಬೇಕು, ಅದು ಏಳನೆಯ ನಿಯಮ. ಮೇನ್ ತೆಗೆದಿದ್ದರಿಂದ ಯಾವ ಸ್ವಿಚ್ಚು ಚಾಲೂ, ಯಾವುದು ಬಂದ್, ಅವನಿಗೆ ತಿಳಿಯುತ್ತಿರಲಿಲ್ಲ.

ನಾನು ಏದುಸಿರು ಬಿಡುತ್ತ, ಅದನ್ನು ಬಿಡು, ಇಳಿ, ಬೆಂಕಿ ಬಿದ್ದಿದೆ ಅಂದೆ. ಅವನು ಇಳಿಯಲಿಲ್ಲ.

"ಬೆಂಕಿ ಸುಳ್ಳಿಂದ್ರೀ ಟೀಚರ್. ಫ್ಯಾನ್ ಚಾಲೂ ಉಳೀತಂದ್ರ ನೀವು ಬೈಯೂದು ಖರೇದ ಇರ್ತೈತಿ."

ಫೋಟೊದಲ್ಲಿದ್ದ ಗಡ್ಡ

ಈಗ ಹೇಳುವುದು ನಡೆದ ದಿನ ನಿಜವಾಗಿಯೂ ಪೊಲೀಸರು ಬರುವುದೊಂದೇ ಬಾಕಿಯಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಚಿಕ್ಕ ಮಕ್ಕಳ ಶಾಲೆ ಬಿಡುತ್ತದೆ. ಕಾರ್ಡ್ ಇಲ್ಲದವರ ಕೈಗೆ ಮಗುವನ್ನು ಕೊಡಬಾರದೆಂಬುದು ನಿಯಮ. ಕಾರ್ಡಿನ ಮೇಲೆ ತಂದೆ ತಾಯಿಯ ಫೋಟೊ ಇರುತ್ತದೆ. ಗೇಟಿನಲ್ಲಿ ನಿಂತು ಇದನ್ನು ನೋಡುವವಳು ನಮ್ಮ ಮಾವ್ಶಿ. ಮಕ್ಕಳನ್ನು ನೋಡಿಕೊಳ್ಳುವ ಆಯಾಗಳನ್ನು ಇಲ್ಲಿ ಎಲ್ಲರೂ ಮಾವ್ಶಿ ಅಂತಲೇ ಕರೆಯುವುದು. ಇವಳು ಇಂಡಿ ಕಡೆಯವಳು, ಎತ್ತರದ ಆಳು. ಗೇಟಿಗೆ ಅಡ್ಡ ನಿಂತಳೆಂದರೆ ಗೇಟು ಮುಚ್ಚುವ ಅಗತ್ಯವಿರುವುದಿಲ್ಲ.

ಅವತ್ತು ಒಂದನೇ ತರಗತಿಯ ಒಬ್ಬ ಹುಡುಗನನ್ನು ಕರೆದೊಯ್ಯಲು ಒಬ್ಬ ಗಂಡಸು ಬಂದ. ತಲೆ ನುಣ್ಣಗೆ ಬೋಳು, ಮೀಸೆಯಿಲ್ಲ, ಗಡ್ಡವಿಲ್ಲ. ಕಾರ್ಡ್ ಮನೆಯಲ್ಲಿ ಮರೆತು ಬಂದಿದ್ದೇನೆ, ನಾನು ಇವನ ತಂದೆ ಅಂದ. ಮೊಬೈಲಿನಲ್ಲಿ ಕಾರ್ಡಿನ ಫೋಟೊ ತೋರಿಸಿದ. ಅದರಲ್ಲಿದ್ದ ತಂದೆಗೆ ತಲೆತುಂಬ ಕೂದಲು, ಎದೆಯ ತನಕ ಗಡ್ಡ. ಮಾವ್ಶಿ ಫೋಟೊ ನೋಡಿದಳು, ಮುಖ ನೋಡಿದಳು, ಹುಡುಗನನ್ನು ತನ್ನ ಬೆನ್ನ ಹಿಂದೆ ಸರಿಸಿದಳು. ಮೊನ್ನೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದೆ ಅಂತ ಅವನು ಹೇಳಿದ. ಹೆಂಡತಿಗೆ ಜ್ವರ, ಅದಕ್ಕೇ ನಾನು ಬಂದದ್ದು ಅಂದ. ಅಂಥ ಕಥೆ ಯಾರು ಬೇಕಾದರೂ ಹೇಳಬಹುದು ಅಂತ ಪಕ್ಕದಲ್ಲಿದ್ದ ಒಬ್ಬ ತಾಯಿ ಗಟ್ಟಿಯಾಗಿಯೇ ಅಂದಳು.

ಗಲಾಟೆ ಕೇಳಿ ನಾನು ಬರುವಷ್ಟರಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ರಿಕ್ಷಾದವರು ರಿಕ್ಷಾ ಬಿಟ್ಟು ಇಳಿದಿದ್ದರು. ಒಬ್ಬ ಆ ಮನುಷ್ಯನ ಮೊಣಕೈ ಹಿಡಿದಿದ್ದ, ಇನ್ನೊಬ್ಬ ಪೊಲೀಸರನ್ನು ಕರೆಸುತ್ತೇನೆಂದು ಫೋನ್ ಕಿವಿಗೆ ಹಚ್ಚಿದ್ದ. ಇಂಥ ಗುಂಪು ಯಾವ ಕ್ಷಣದಲ್ಲಿ ಕೈ ಎತ್ತುತ್ತದೆಂದು ಹೇಳಲು ಬರುವುದಿಲ್ಲ. ನಾನು ತಾಯಿಯ ನಂಬರಿಗೆ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಇಲ್ಲ.

ಆ ಮನುಷ್ಯನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೊನೆಗೆ ಅವನೇ ಅಂದ, ಮಗುವನ್ನೇ ಕೇಳಿ. ಎಲ್ಲರಿಗೂ ಅದು ಸರಿ ಅನ್ನಿಸಿತು. ನಾನು ಬಗ್ಗಿ, ಗುಂಪಿಗೂ ತಿಳಿಯಲೆಂದು ಹಿಂದಿಯಲ್ಲೇ, ಇವರು ನಿನ್ನ ಪಪ್ಪಾನಾ ಅಂತ ಕೇಳಿದೆ. ಹುಡುಗ ಅವನನ್ನು ಮೇಲಿಂದ ಕೆಳಗೆ ನೋಡಿದ.

"ನಹೀಂ."

ಗುಂಪು ಒಮ್ಮೆಗೇ ಮುಂದೆ ಸರಿಯಿತು. ಯಾರೂ ಕೈ ಮಾಡಬಾರದು, ಇದು ಶಾಲೆ ಅಂತ ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಮಾವ್ಶಿ ಎರಡೂ ಕೈ ಚಾಚಿ ಗುಂಪಿಗೂ ಅವನಿಗೂ ನಡುವೆ ನಿಂತಳು. ನಾನು ಹುಡುಗನನ್ನು ಗೇಟಿನೊಳಗೆ ಕರೆದುಕೊಂಡು ಹೋಗಿ ಮೊಣಕಾಲೂರಿ ಕೂತೆ. ಹೆದರಬೇಡ, ಖರೇ ಹೇಳು, ಇವರು ಯಾರು ಅಂದೆ.

"ಬೆಳಿಗ್ಗೆ ತನಕಾ ಪಪ್ಪಾ ಇದ್ರು," ಅಂದ.

ಈಗ?

"ಈಗ ಇಲ್ಲ. ಅವರ ಹೇಳ್ಯಾರ. ಇವತ್ತು ಮತ್ತ ಡೈರಿ ಒಳಗ ರಿಮಾರ್ಕ್ ಬಂತಂದ್ರ ನಾ ನಿನ್ನ ಪಪ್ಪಾನ ಅಲ್ಲ ಅಂತ." ಚೀಲದ ಕಡೆ ಕೈ ತೋರಿಸಿದ. "ಬಂದೈತಿ."

ಅಷ್ಟರಲ್ಲಿ ತಾಯಿಯ ಫೋನ್ ಬಂತು. ಗುಳಿಗೆ ತಗೊಂಡು ಮಲಗಿದ್ದಳಂತೆ. ತಿರುಪತಿ ಖರೇ, ಬೋಳು ತಲೆ ಖರೇ, ಗಂಡನೂ ಖರೇ. ವೀಡಿಯೊ ಕಾಲ್ ಹಚ್ಚಿ ಗಂಡನನ್ನು ಅವಳಿಗೆ ತೋರಿಸಿದೆ. ಗುಂಪಿಗೂ ಅವಳನ್ನು ತೋರಿಸಿದೆ. ಮೊಣಕೈ ಹಿಡಿದಿದ್ದವನು ಕೈ ಬಿಟ್ಟು, ಅಂಗಿಯ ಸುಕ್ಕನ್ನು ತಾನೇ ಸರಿಮಾಡಿಕೊಟ್ಟು, ಸಾರಿ ಭಾಯಿ ಅಂದು ರಿಕ್ಷಾ ಹತ್ತಿದ. ಎರಡು ನಿಮಿಷದಲ್ಲಿ ಗೇಟಿನ ಮುಂದೆ ಯಾರೂ ಇರಲಿಲ್ಲ. ಮಗ ಹೇಳಿದ್ದನ್ನು ನಾನು ತಂದೆಗೆ ಹೇಳಿದೆ. ಅವನು ಅಲ್ಲೇ ಕಟ್ಟೆಯ ಮೇಲೆ ಕೂತು ಬೋಳು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅತ್ತನೋ ನಕ್ಕನೋ ತಿಳಿಯಲಿಲ್ಲ.

ಮಾವ್ಶಿ ಮಾತ್ರ ನಗಲಿಲ್ಲ. ಗುರುತು ಸಿಕ್ಕರೂ ಕಾರ್ಡ್ ಇಲ್ಲದೆ ಮಗುವನ್ನು ಒಯ್ಯುವವರು ರಿಜಿಸ್ಟರಿನಲ್ಲಿ ಬರೆಯಬೇಕು, ಬರೀರಿ ಅಂತ ತಂದು ಮುಂದೆ ಹಿಡಿದಳು. ಅವನು ಹೆಸರು ಬರೆದ, ಫೋನ್ ನಂಬರು ಬರೆದ. 'ಮಗುವಿಗೆ ಏನಾಗಬೇಕು' ಅನ್ನುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅವನು ತಲೆ ಎತ್ತಿ ಮಗನನ್ನು ನೋಡಿದ.

"ಏನಂತ ಬರೀಲೋ?"

ಹುಡುಗ ನೀರಿನ ಬಾಟಲಿಯ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡ.

"ಈಗ ಪಪ್ಪಾ ಅಂತ ಬರೀರಿ," ಅಂದ. "ಮನೀಗೆ ಹೋಗಿ ನೋಡೂಣು."