ಚಿಕ್ಕತಾತನ ಬೆಣ್ಣೆಕೃಷ್ಣ

ಪುಸ್ತಕ ಬರೆದವರನ್ನು ನಮ್ಮ ಜನ ಬೇಗ ಮರೆಯುತ್ತಾರೆಂಬ ದೂರಿದೆ. ಮಕ್ಕಳ ಪುಸ್ತಕ ಬರೆದವರಿಗೆ ಆ ಭಾಗ್ಯವೂ ಇಲ್ಲ. ಮರೆಯಬೇಕಾದರೆ ಮೊದಲು ಹೆಸರು ಗೊತ್ತಿರಬೇಕಲ್ಲ. ನಮ್ಮ ಚಿಕ್ಕತಾತ, ಅಂದರೆ ನನ್ನ ತಾತನ ತಮ್ಮ, ಯೌವನದಲ್ಲಿ ಕಥೆ ಕಟ್ಟಿ, ಚಿತ್ರವನ್ನೂ ತಾವೇ ಬರೆದು, ಕಲ್ಲಚ್ಚಿನಲ್ಲಿ ಬಣ್ಣದ ಪುಸ್ತಕಗಳನ್ನು ಹೊರತಂದವರು. ಮಕ್ಕಳು ಅವನ್ನು ಓದಿದರು, ಹರಿದರು, ಕೆಲವರು ತಿಂದೂಬಿಟ್ಟರು. ಮುಪ್ಪಿನಲ್ಲಿ ‘ಇದು ನಾನು ಬರೆದದ್ದು’ ಎಂದು ತೋರಿಸಲು ಅವರ ಬಳಿ ಒಂದು ಹಾಳೆಯೂ ಉಳಿದಿರಲಿಲ್ಲ. ಅವರು ಸುಮ್ಮನಿದ್ದರು, ಮೈ ಉರಿಯುತ್ತಿದ್ದದ್ದು ನನಗೆ.

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ಒಂದು ಸಂಜೆ ಅವರನ್ನು ನಮ್ಮ ಬೀದಿಯ ಭಜನೆ ಮಂದಿರಕ್ಕೆ ಕರೆದುಕೊಂಡು ಹೋದರೆ, ಗೋಡೆಯ ಮೇಲೆ ಹೂವಿನ ಹಾರ ಹಾಕಿಸಿಕೊಂಡು ನಿಂತಿದ್ದ ಬೆಣ್ಣೆಕೃಷ್ಣನ ಚಿತ್ರ ಅವರದೇ. “ನಂದೇ ಕಣೋ ಇದು,” ಎಂದವರು ಹತ್ತಿರ ಹೋಗಿ, ಕೃಷ್ಣನ ಪಕ್ಕದಲ್ಲಿದ್ದ ಬೆಕ್ಕನ್ನು ತೋರಿಸಿ, “ಇದರ ಬಾಲ ಎಲ್ಲಿ ಹೋಯ್ತು?” ಎಂದರು. ಬಾಲದ ಕೆಳಗೇ ಅವರ ಹೆಸರಿತ್ತಂತೆ. ಕಟ್ಟು ಹಾಕಿದವನು ಎರಡನ್ನೂ ಒಟ್ಟಿಗೇ ಕತ್ತರಿಸಿದ್ದ.

ಮಂದಿರದ ಕಾರ್ಯದರ್ಶಿಗಳನ್ನು ಹಿಡಿದೆ. “ನಮ್ಮಮ್ಮ ಹುಡುಗ್ರ ಪುಸ್ತಕದಿಂದ ಹರಿದು ಕಟ್ಟು ಹಾಕ್ಸಿದ್ದು ಸ್ವಾಮಿ. ದೇವರ ಪಟಕ್ಕೆ ಬರೆದವರ ಹೆಸರ್ಯಾಕೆ?” ಎಂದರು. ಅದೇ ಮಂದಿರದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಎಷ್ಟು ದಪ್ಪವಾಗಿತ್ತೆಂದರೆ ಬೆಳಕು ಹೊರಬರಲು ದಾರಿಯಿರಲಿಲ್ಲ. ಗಂಟೆಗೆ ಹೆಸರು, ಜಮಖಾನೆಗೆ ಹೆಸರು, ಚಪ್ಪಲಿ ಬಿಡುವ ಹಲಗೆಗೂ ಹೆಸರು. ಚಿತ್ರ ಬರೆದ ಕೈಗೆ ಮಾತ್ರ ಜಾಗವಿಲ್ಲ. ಇದು ಯಾವೂರ ನ್ಯಾಯ? “ಹೀಗೆ ಎಲ್ಲರ ಹತ್ರ ಜಗಳ ಆಡ್ಕೊಂಡ್ರೆ ನಾಳೆ ನಮ್ಮನೆ ಆರತಿಗೆ ಯಾರ್ರೀ ಬರ್ತಾರೆ?” ಎಂದು ನನ್ನ ಹೆಂಡತಿ ಗದರಿದಳು. ನಾನು ಬಗ್ಗಲಿಲ್ಲ. ಕಡೆಗೆ ನನ್ನ ಕಾಟ ತಡೆಯಲಾರದೆ ಕಾರ್ಯದರ್ಶಿಗಳು ಪಟದ ಕೆಳಗೆ ಹೆಸರು ಬರೆಸಲು ಒಪ್ಪಿಕೊಂಡರು.

ರಾಮನವಮಿಯ ದಿನ ಚಿಕ್ಕತಾತನಿಗೆ ಶಾಲು ಹೊದಿಸಿ ಕರೆದೊಯ್ದೆ. ಪಟದ ಕೆಳಗೆ ಅವರ ಹೆಸರು ಕೆಂಪು ಬಣ್ಣದಲ್ಲಿ ಹೊಳೆಯುತ್ತಿತ್ತು. ತಾತ ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು. ನನ್ನ ಎದೆ ತುಂಬಿಬಂತು. ಕೋಸಂಬರಿ ಹಂಚುತ್ತಿದ್ದ ಮಹಿಳೆಯೊಬ್ಬರು ತಾತನ ಹತ್ತಿರ ಬಂದು, “ನೀವೇನಾ ಯಜಮಾನ್ರೇ ಈ ಪಟ ಕೊಡಿಸಿದ್ದು? ಬಹಳ ಚೆನ್ನಾಗಿದೆ,” ಎಂದರು.

“ಕೊಡಿಸಿದ್ದಲ್ಲ ತಾಯಿ, ನಾನೇ ಬರೆದದ್ದು.”

ಆಕೆ ಮರುಕದಿಂದ ನನ್ನತ್ತ ತಿರುಗಿ, “ವಯಸ್ಸಾಯ್ತು, ಪಾಪ. ಚೆನ್ನಾಗಿ ನೋಡ್ಕೊಳ್ಳಿ,” ಎಂದು ಪಿಸುಗುಟ್ಟಿದರು.

ನನಗೆ ತಡೆಯಲಾಗಲಿಲ್ಲ. “ನಿಜವಾಗ್ಲೂ ಅವರೇ ಬರೆದದ್ದು ಕಣ್ರೀ. ಆ ಬೆಕ್ಕು ನಮ್ಮನೇದು, ಅದಕ್ಕೆ ಬಾಲ ಇತ್ತು,” ಎಂದು ಮಂದಿರವೆಲ್ಲ ತಿರುಗಿ ನೋಡುವಂತೆ ಕೂಗಿದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದವರ ಕಿವಿಯಲ್ಲಿ “ವಂಶದಲ್ಲೇ ಇದೆ” ಎಂದು ಹೇಳಿ, ನನ್ನ ದೊನ್ನೆಗೆ ಇನ್ನಷ್ಟು ಕೋಸಂಬರಿ ಹಾಕಿದರು.