ಫಲಕದ ಮುಖ ಯಾವ ಕಡೆಗೆ

ವರ್ಲೀನ್: ಇನ್ನೊಂದ್ಸಲ ಓದು. ನನ್ನ ಹಿಂದಿನ ಕೋಣೆ ಎಲ್ಲಾದ್ರೂ ಬರುತ್ತಾ ನೋಡೋಣ.

ಓಡೆಲ್: ಐದು ಸಲ ಓದಾಯ್ತು. ‘ಊರಿನ ಕಪ್ಪು ಜನ ಮತದಾರರ ಪಟ್ಟಿಗೆ ಸೇರಲು ಈ ಕ್ಷೌರದಂಗಡಿಯಲ್ಲಿ ತಯಾರಾದರು. ಮಾಲೀಕ ಓಡೆಲ್ ಗ್ರೈಮ್ಸ್.’ ನನ್ನ ಹೆಸರು ಸರಿಯಾಗಿದೆ. ಇನ್ನೇನು ಬೇಕು?

ಪೆಕನ್ ಬ್ರಾಂಚ್ ಊರಿನ ಮುಖ್ಯರಸ್ತೆಯ ಆ ಅಂಗಡಿಯಲ್ಲಿ ಮುಂದೆ ಗಂಡ ಓಡೆಲನ ಕತ್ತರಿ, ಹಿಂದೆ ಹೆಂಡತಿ ವರ್ಲೀನಳ ಬ್ಯೂಟಿ ಪಾರ್ಲರು. ಹೀಗೇ ನಲವತ್ತೈದು ವರ್ಷ ಕಳೆದಿತ್ತು. ಈಗ ಜಿಲ್ಲೆಯ ಇತಿಹಾಸ ಸಂಘದವರು ಅಂಗಡಿಯ ಮುಂದೆ ಎರಕದ ಸ್ಮಾರಕ ಫಲಕ ನಿಲ್ಲಿಸುತ್ತಾರಂತೆ. ಫಲಕದ ಬರಹದ ಕರಡು ಹಿಡಿದು ಬಂದ ಸಂಘದ ಕಾರ್ಯದರ್ಶಿ ಕಾರ್ಲಿಸ್ ಟೇಟ್ ಇಬ್ಬರ ನಡುವೆ ಸಿಕ್ಕಿಬಿದ್ದು, ತಣ್ಣನೆಯ ಸಿಹಿ ಚಹಾದ ಮೂರನೆಯ ಲೋಟಕ್ಕೆ ಬಂದಿದ್ದಳು. ವರ್ಲೀನ್ ಬಟ್ಟಲಿಗೆ ಅವರೆಯಂಥ ಕಾಳು ಬಿಡಿಸುತ್ತಿದ್ದಳು. ಕಾಳು ಬೀಳುವ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

ವರ್ಲೀನ್: ತಯಾರು ಮಾಡಿದ್ದು ಯಾರು?

ಓಡೆಲ್: ನಾವೇ.

ವರ್ಲೀನ್: ನೀವು ಗಂಡಸರು ಬಾಗಿಲಲ್ಲಿ ಕೂತು ಚೆಕರ್ಸ್ ಆಡ್ತಿದ್ರಿ.

ಓಡೆಲ್: ಅದು ಕಾವಲು ಕಣೇ. ಪೊಲೀಸಿನವ್ನು ಕಂಡ್ರೆ ರೇಡಿಯೊ ಜೋರು ಮಾಡ್ಬೇಕು ಅಂತ ಮಾತಾಗಿತ್ತು.

ವರ್ಲೀನ್: ಅವ್ನು ಬಂದ ದಿನ ಮಾಡಿದ್ಯಾ?

ಓಡೆಲ್: ಆವತ್ತು ಎದುರಾಳೀದು ಮೂರು ಕಾಯಿ ಒಟ್ಟಿಗೇ ಹೊಡೆಯೋ ಹಾಗಿತ್ತು, ಮಿಸ್ ಕಾರ್ಲಿಸ್. ಅಂಥದ್ದು ದಿನಾ ಸಿಗಲ್ಲ.

ಉಳಿದದ್ದನ್ನು ವರ್ಲೀನಳೇ ಹೇಳಿದಳು. ಆಗೆಲ್ಲ ಮತದಾರರ ಪಟ್ಟಿ ಸೇರಬೇಕಾದರೆ ಕಪ್ಪು ಜನ ಒಂದು ಕಷ್ಟದ ಪರೀಕ್ಷೆ ಪಾಸಾಗಬೇಕಿತ್ತು, ಅದಕ್ಕೆ ಕಲಿಸುವುದು ಪೊಲೀಸರ ಕಣ್ಣಿಗೆ ಬೀಳಬಾರದಿತ್ತು. ಕೂದಲೊಣಗಿಸುವ ಯಂತ್ರದ ಕೆಳಗೆ ಕೂತ ಹೆಂಗಸರು ಪತ್ರಿಕೆಯೊಳಗೆ ಅಡಗಿಸಿದ ಪರೀಕ್ಷೆಯ ಪ್ರಶ್ನೆಗಳನ್ನು ಓದುತ್ತಿದ್ದರು. ಯಂತ್ರದ ಗದ್ದಲಕ್ಕೆ ಪಾಠದ ದನಿ ಹೊರಗೆ ಕೇಳುತ್ತಿರಲಿಲ್ಲ. ಆ ಪೊಲೀಸಿನವನು ಒಳಗೆ ಎರಡು ಹೆಜ್ಜೆ ಇಟ್ಟ. ಕೂದಲು ನೇರ ಮಾಡುವ ಕಾದ ಬಾಚಣಿಗೆಯ ಹೊಗೆ ಮೂಗಿಗೆ ಹೊಡೆದು, ಕೆಮ್ಮುತ್ತ ಬಂದ ದಾರಿ ಹಿಡಿದ.

ವರ್ಲೀನ್: ನಲವತ್ತೊಂದು ಜನ, ಕಾರ್ಲಿಸ್. ಮುಕ್ಕಾಲು ಪಾಲು ಈಗ ಚರ್ಚಿನ ಹಿಂದೆ ಮಣ್ಣಲ್ಲಿ ಮಲಗಿದಾರೆ. ನನ್ನ ಹೆಸರು ಬಿಟ್ಹೋದ್ರೆ ಹೋಗ್ಲಿ. ಅವರು ಆ ಕೋಣೇಲಿ ಕೂತು ಕಲಿತ್ರು ಅಂತ ಒಂದು ಸಾಲು ಬೇಡ್ವಾ?

ಕಾರ್ಲಿಸ್ ಓಡೆಲನ ಕಡೆ ತಿರುಗಿದಳು.

ಕಾರ್ಲಿಸ್: ಮಿಸ್ಟರ್ ಓಡೆಲ್, ನಿಮಗೆ ಕಲಿಸಿದ್ದು ಯಾರು?

ವರ್ಲೀನ್: ಎರಡು ಸಲ ಫೇಲಾಗಿ ಬಂದ. ಮೂರನೇ ಸಲ ನಾನೇ ಹಿಡಿದು ಯಂತ್ರದ ಕೆಳಗೆ ಕೂರಿಸಿದೆ.

ಓಡೆಲ್: ಅದನ್ನ ಬರ್ಕೋಬೇಡಿ.

ಕಾರ್ಲಿಸ್ ಬರೆದುಕೊಂಡಾಗಿತ್ತು. ಫಲಕಕ್ಕೆ ಎರಡು ಮುಖ ಇರುತ್ತವೆ, ಒಂದು ಕ್ಷೌರದಂಗಡಿಗೆ, ಒಂದು ಹಿಂದಿನ ಕೋಣೆಗೆ ಎಂದು ಅವಳು ಪಂಚಾಯ್ತಿ ಮುಗಿಸಿದಳು. ಮುಗಿಯಲಿಲ್ಲ. ರಸ್ತೆಗೆ ಅಡ್ಡವಾಗಿ ನಿಲ್ಲಿಸಿದರೆ ಮರದ ದಿಮ್ಮಿ ಹೊತ್ತ ಲಾರಿಗಳ ಕನ್ನಡಿ ತಗಲುತ್ತದೆ. ಹಾಗಾಗಿ ಒಂದು ಮುಖ ರಸ್ತೆಗೆ, ಇನ್ನೊಂದು ಅಂಗಡಿಯ ಕಿಟಕಿಗೆ. ರಸ್ತೆಯ ಮುಖ ಯಾರದ್ದು? ಗುಂಡಿ ತೋಡುವವನು ತಾನು, ರಸ್ತೆಯ ಮುಖವೂ ತನ್ನದೇ ಎಂದ ಓಡೆಲ್. ನೀವೇ ತೀರ್ಮಾನ ಮಾಡಿಕೊಳ್ಳಿ ಎಂದು ಕಾರ್ಲಿಸ್ ಜಾಗ ಖಾಲಿ ಮಾಡಿದಳು.

ಕೊನೆಯ ಕರಡು ಬಂದಾಗ ಓಡೆಲ್ ತನ್ನ ಹೆಸರೊಂದನ್ನು ನೋಡಿ ಸಹಿ ಹಾಕಿದ. ಗುಂಡಿ ತೋಡಿ ಫಲಕ ನಿಲ್ಲಿಸಿದ ದಿನ ವರ್ಲೀನ್ ಬೇಕೆಂದೇ ಅತ್ತ ಸುಳಿಯಲಿಲ್ಲ. ಮಾರನೆಯ ಮಧ್ಯಾಹ್ನ ಚರ್ಚಿನಿಂದ ಬರುತ್ತ ರಸ್ತೆಯಲ್ಲೇ ನಿಂತಳು. ‘ಹಿಂದಿನ ಕೋಣೆ’ ಎಂದು ದೊಡ್ಡ ಅಕ್ಷರ. ಕೆಳಗೆ ನಲವತ್ತೊಂದು ಜನರ ಸಂಗತಿ, ಅವಳ ಹೆಸರು. ಕಣ್ಣು ತುಂಬಿ ಬಂತು.

ವರ್ಲೀನ್: ರಸ್ತೆ ಕಡೆಗೆ ನಂದು ಇಟ್ಟಿದ್ದೀಯ.

ಓಡೆಲ್: ರಸ್ತೇಲಿ ಹೋಗೋರು ಕಾರು ನಿಲ್ಸಿ ಓದ್ತಾರಾ? ನನ್ನ ಕುರ್ಚೀಲಿ ಕೂತವ್ನು ನೋಡು, ಕತ್ತರಿ ನಿಲ್ಲೋವರೆಗೂ ಏಳೋ ಹಾಗಿಲ್ಲ. ನಂದು ಓದ್ಲೇಬೇಕು.

ಕಣ್ಣೊರೆಸಿಕೊಂಡು ಅವಳು ಫಲಕದ ಆ ಬದಿಗೆ ಹೋದಳು. ಓದಿದಳು. ಮತ್ತೊಮ್ಮೆ ಓದಿದಳು.

ವರ್ಲೀನ್: ನಿನ್ನ ಕಡೇದು ಪೂರ್ತಿ ಓದಿದ್ಯಾ?

ಓಡೆಲ್: ಕನ್ನಡಕ ಒಳಗಿತ್ತು. ಹೆಸರು ಕಾಣಿಸ್ತು, ಸಾಕಾಯ್ತು.

ವರ್ಲೀನ್: ‘ಎರಡು ಬಾರಿ ಅನುತ್ತೀರ್ಣರಾದ ಓಡೆಲ್ ಗ್ರೈಮ್ಸ್, ಪತ್ನಿ ಕಲಿಸಿದ ಮೇಲೆ ಮೂರನೆಯ ಬಾರಿ ಪಟ್ಟಿ ಸೇರಿದರು.’

ಓಡೆಲ್ ಕಿಟಕಿಯನ್ನು ನೋಡಿದ. ಒಳಗೆ ಕುರ್ಚಿ ನೇರ ಫಲಕದ ಎದುರಿಗೇ ಇತ್ತು.

ಓಡೆಲ್: ಬುಡದ ಸಿಮೆಂಟು ಮುಟ್ಟಿ ನೋಡು. ಇನ್ನೂ ಹಸಿ ಇದ್ಯಾ?

ವರ್ಲೀನ್ ಬಗ್ಗಿ ಬೆರಳಿನಿಂದ ಒತ್ತಿ ನೋಡಿದಳು.

ವರ್ಲೀನ್: ಕಲ್ಲಾಗಿದೆ ಕಣೋ.