ಬನಹಟ್ಟಿ ಸರ್ಕಲ್ಲಿನ ಮುಸುಕಿನ ಹಿರಿಯರು

ಕಾಲಿಗೆ ಚಕ್ರ ಕಟ್ಟಿಕೊಂಡು ದೇಶ ದೇಶ ತಿರುಗಿದವಳು ನಾನು. ಹೋದಲ್ಲೆಲ್ಲ ಕಲ್ಲಿನ ಮನುಷ್ಯರನ್ನು ಕಂಡಿದ್ದೇನೆ. ನಗು ಬಂದದ್ದು ಮಾತ್ರ ಜಮಖಂಡಿಗೆ ಮರಳಿದ ಮೇಲೆ. ಪಕ್ಕದ ಮನೆಯ ಕಾಕಾ ಮೂರ್ತಿ ಮಾಡುವವರು. ಅವರ ಅಂಗಳದಲ್ಲಿ ನಗು ತರಿಸುವಂಥವು ನಡೆಯುತ್ತಲೇ ಇರುತ್ತವೆ.

೧. ಬರಿಮೈ

ಬನಹಟ್ಟಿಯ ನೇಕಾರರ ಕಮಿಟಿ ಕಾಕಾನ ಹತ್ತಿರ ಬಂತು. ಊರ ಹುಡುಗರಿಗೆಲ್ಲ ಮಗ್ಗ ಕಲಿಸಿ ತೀರಿಕೊಂಡ ಹಿರಿಯರೊಬ್ಬರ ಮೂರ್ತಿ ಬೇಕಿತ್ತು. ಮಾದರಿಗಿರಲೆಂದು ನಾನು ಇಟಲಿಯಲ್ಲಿ ತೆಗೆದ ಫೋಟೊಗಳ ಆಲ್ಬಂ ಕೊಟ್ಟೆ. ಅಲ್ಲಿಯ ವೀರರೆಲ್ಲ ಬತ್ತಲೆ. ಅಧ್ಯಕ್ಷರು ಒಂದೊಂದೇ ಪುಟ ತಿರುವಿ ಆಲ್ಬಂ ಮುಚ್ಚಿದರು.

"ಅಕ್ಕಾರ, ಇಷ್ಟು ದೊಡ್ಡ ದೇಶದಾಗ ಒಬ್ಬ ನೇಕಾರನೂ ಇಲ್ಲೇನ್ರಿ?"

"ಅದು ಕಲೆ" ಎಂದೆ.

ಅವರು ಹಿಂದೆ ಕೂತವನಿಗೆ ಹೇಳಿದರು: "ವಿಳಾಸ ಬರಕೋ ಲೇ. ನಮ್ಮ ಮಾಲು ಅಲ್ಲೆ ಹೋಗತೈತಿ."

೨. ನೂಲು

ಮುಖವೊಂದಕ್ಕೇ ಕಾಕಾ ನಾಲ್ಕು ತಿಂಗಳು ಹಿಡಿದರು. ಇದ್ದದ್ದು ಒಂದೇ ಮಸುಕು ಫೋಟೊ. ಯಾರಾದರೂ ಒಬ್ಬರು 'ಹೌದು, ಇವರೇ' ಅಂದರೆ ಸಾಕೆಂಬುದು ಅವರ ಆಸೆ. ಕಮಿಟಿ ನೋಡಲು ಬಂತು. ಯಾರೂ ಮುಖದ ಕಡೆ ಕಣ್ಣೆತ್ತಲಿಲ್ಲ. ಎಲ್ಲರೂ ಬಗ್ಗಿ ಧೋತರ ಮುಟ್ಟಿ ನೋಡಿದರು.

"ನೂಲು ದಪ್ಪ ಆತಲ್ರೀ."

"ಯಪ್ಪಾ, ಅದು ಸಿಮೆಂಟ್ ಐತಿ!" ಎಂದರು ಕಾಕಾ.

"ಇರಲಿ. ಒಗದ ಮ್ಯಾಲೆ ಕುಗ್ಗತೈತಿ, ನೋಡ್ಕೋರಿ."

೩. ಮುಸುಕು

ಮೂರ್ತಿ ಸರ್ಕಲ್ಲಿನಲ್ಲಿ ನಿಂತಿತು, ಮೈತುಂಬ ಬಟ್ಟೆ ಸುತ್ತಿಕೊಂಡು. ಅನಾವರಣಕ್ಕೆ ಮಂತ್ರಿಗಳೇ ಆಗಬೇಕು. ಒಮ್ಮೆ ಅವರು ಜಲಾಶಯಕ್ಕೆ ಬಾಗಿನ ಬಿಡಲು ಹೋದರು, ಒಮ್ಮೆ ಚುನಾವಣೆ ಬಂತು, ಆಮೇಲೆ ಮಂತ್ರಿಯೇ ಬದಲಾದರು. ಪರದೇಶದಲ್ಲಿ ಹಗ್ಗ ಹಾಕಿ ಮೂರ್ತಿ ಕೆಡವುವುದನ್ನು ಕಂಡಿದ್ದೆ. ನಿಲ್ಲಿಸಿ ಮುಚ್ಚಿಡುವುದು ನಮ್ಮದೇ ವಿದ್ಯೆ.

ಬಿಸಿಲಿಗೆ ಬಟ್ಟೆ ಬಣ್ಣಗೆಟ್ಟಿತು. ಊರೆಲ್ಲ ನೇಕಾರರು, ಮರ್ಯಾದೆಯ ಪ್ರಶ್ನೆ! ಹಬ್ಬಕ್ಕೊಂದು ಮನೆಯಂತೆ ಸರದಿ ಹಚ್ಚಿ, ತಮ್ಮ ಮಗ್ಗದ ಛಲೋ ಸೀರೆಯನ್ನೇ ಸುತ್ತತೊಡಗಿದರು. ಅಂಚು ನೋಡಲೆಂದೇ ರಬಕವಿಯ ಹೆಂಗಸರು ಬರುತ್ತಿದ್ದರು. ಸಾವಳಗಿಯ ಅಜ್ಜಿಯೊಬ್ಬಳಂತೂ ಅರಿಷಿಣ ಕುಂಕುಮ ಏರಿಸಿ, ಉಡಿ ತುಂಬಿ, "ಅವ್ವಾ ತಾಯಿ, ಮೊಮ್ಮಗಳಿಗೊಂದು ವರ ಕೊಡು" ಎಂದು ಬೇಡಿಕೊಂಡು ಹೋದಳು.

ಸುದ್ದಿ ಕೇಳಿ ಕಾಕಾ ಹಣೆ ಬಡಿದುಕೊಂಡರು: "ಮೀಸಿ ಮಾಡಾಕ ಹದಿನೈದು ದಿನ ಹಿಡದಿತ್ತಲ್ಲ ನನಗ!"

೪. ಅನಾವರಣ

ಮೂರನೆಯ ವರ್ಷ ಮಂತ್ರಿಗಳು ಬಂದೇಬಿಟ್ಟರು. ದಾರ ಎಳೆದರು, ಸೀರೆ ಸರ್ರನೆ ಜಾರಿತು. ನೆರೆದವರ ಕಣ್ಣುಗಳೂ ಸೀರೆಯ ಹಿಂದೆಯೇ ಕೆಳಗಿಳಿದವು. ಚಪ್ಪಾಳೆ ಬಿತ್ತು, ಭಾಷಣವಾಯಿತು. ಮುಖದ ಬಗ್ಗೆ ಒಂದು ಮಾತಿಲ್ಲ. ಕಾಕಾ ಸಪ್ಪಗಾಗಿ ನಿಂತಿದ್ದರು.

ಆಗ ಹಿರಿಯರ ಹೆಂಡತಿ ಕೋಲೂರಿಕೊಂಡು ಬಂದಳು. ಮೂರ್ತಿಯ ಬುಡದಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಕಾಕಾ ಅಂಜುತ್ತಲೇ ಕೇಳಿದರು: "ಯವ್ವಾ, ಮಾರಿ ಹೊಂದತೈತೇನು?"

"ಖರೆ ಅಂವಂದ ಮಾರಿ! ನಾ ಏನರ ಕೇಳಿದ್ರ ಸಾಕು, ಹಿಂಗ ಆಕಾಶಾ ನೋಡಕೋತ ನಿಲ್ಲತಿದ್ದ."

ಕಾಕಾನ ಕಣ್ಣು ತುಂಬಿತು. ಮುದುಕಿ ಬಗ್ಗಿ, ಕೆಳಗೆ ಬಿದ್ದ ಸೀರೆ ಎತ್ತಿ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಅಧ್ಯಕ್ಷರು ಓಡಿ ಬಂದರು: "ಅಜ್ಜೀ, ಅದು ಕಮಿಟೀದು!"

ಮುದುಕಿ ನಿಲ್ಲಲಿಲ್ಲ.

"ಇರೋತನಕ ಊರಿಗೆಲ್ಲ ಸೀರಿ ನೇಯ್ದ, ನನಗ ಒಂದು ಕೊಡಲಿಲ್ಲ. ಇವತ್ತು ಇಷ್ಟು ಮಂದಿ ಮುಂದ ಮೈಮ್ಯಾಲಿಂದು ಬಿಚ್ಚಿ ಕೊಟ್ಟಾನ. ನೀ ಯಾರಲೇ ನಡುವ?"